ಮಳೆಗಾಲಕ್ಕೆ ಮುನ್ನ ಊರಿನ ಹಂಚಿನ ಮನೆ: ಮಾಡು ಸ್ವಚ್ಛತೆ, ದುರಸ್ತಿ ಹೇಗೆ?

ಏಪ್ರಿಲ್-ಮೇ ತಿಂಗಳಲ್ಲಿ ಮುಂಬೈ, ಪುಣೆಯಿಂದ ಊರಿಗೆ ಹೋಗುವ ಕರಾವಳಿ ಕನ್ನಡಿಗರಿಗೆ ಮದುವೆ, ಜಾತ್ರೆಗಳ ಜೊತೆ ಇನ್ನೊಂದು ಕೆಲಸವೂ ಕಾದಿರುತ್ತದೆ. ಹಳೆಯ ಹಂಚಿನ ಮನೆಯ ಮಾಡು ನೋಡಿ ಬರುವುದು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಮನೆಯಲ್ಲಿ ಜನ ಇದ್ದರೆ ಒಂದು ಹಂಚು ಜಾರಿದ್ದು ಅದೇ ದಿನ ಗೊತ್ತಾಗುತ್ತದೆ, ಕೆಳಗೊಂದು ಪಾತ್ರೆ ಇಟ್ಟು ಮರುದಿನ ಸರಿ ಮಾಡಿಸುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಅದೇ ಹಂಚಿನ ಜಾಗದಿಂದ ನಾಲ್ಕು ತಿಂಗಳು ನೀರು ಇಳಿಯುತ್ತದೆ.

ಹಂಚಿನ ಮನೆಗಳು ಬೀಳುವುದು ಹೆಚ್ಚಾಗಿ ಹಂಚು ಹಾಳಾಗಿ ಅಲ್ಲ. ಚೆನ್ನಾಗಿ ಸುಟ್ಟ ಮಣ್ಣಿನ ಹಂಚು ಹಲವು ದಶಕ ಬಾಳುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚುಗಳು ಈಗಲೂ ಕೆಲವು ಮನೆಗಳ ಮೇಲಿವೆ. (ಅವುಗಳ ಮೇಲಿನ ‘1865’ ಎಂಬ ಮುದ್ರೆ ಕಾರ್ಖಾನೆ ಶುರುವಾದ ವರ್ಷ. ಆ ಹಂಚನ್ನು ಸುಟ್ಟ ವರ್ಷ ಅಂತ ತಿಳಿದು ದುಬಾರಿ ಬೆಲೆಗೆ ಕೊಳ್ಳಬೇಡಿ.) ಮೊದಲು ಸೋಲುವುದು ಹಂಚನ್ನು ಹೊತ್ತಿರುವ ಮರ, ಅಂದರೆ ಪಕ್ಕಾಸು ಮತ್ತು ರೀಪು. ನೂರು ಚದರ ಅಡಿಗೆ ಸುಮಾರು 150 ಹಂಚು ಬೇಕು, ಒಂದೊಂದು ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ಸಾವಿರ ಚದರ ಅಡಿಯ ಮಾಡಿನಲ್ಲಿ ಮೂರು ಟನ್‌ಗೂ ಮೀರಿದ ಭಾರ. ಹಂಚು ನೀರು ಹೀರಿಕೊಂಡಾಗ ಅದು ಇನ್ನೂ ಹೆಚ್ಚುತ್ತದೆ. ಮರ ಅತ್ಯಂತ ದುರ್ಬಲವಾಗಿರುವ ಆಷಾಢದಲ್ಲೇ ಅದರ ಮೇಲಿನ ಹೊರೆಯೂ ಗರಿಷ್ಠ.

ಮೊದಲು ಒಳಗಿನಿಂದ ನೋಡಿ

ಊರಿಗೆ ಹೋದ ಕೂಡಲೇ ಏಣಿ ಹುಡುಕಬೇಡಿ. ಬಿಸಿಲಿರುವ ಮಧ್ಯಾಹ್ನ ಕಿಟಕಿ ಮುಚ್ಚಿ, ದೀಪ ಆರಿಸಿ, ಅಟ್ಟದಲ್ಲಿ ನಿಂತು ಮೇಲೆ ನೋಡಿ. ಬೆಳಕು ನೇರವಾಗಿ ಬೀಳುವ ಜಾಗದಲ್ಲಿ ಹಂಚು ಒಡೆದಿದೆ ಅಥವಾ ಜಾರಿದೆ. ಎರಡು ಹಂಚು ಸೇರುವ ಕಡೆ ಓರೆಯಾಗಿ ಕಾಣುವ ಸಣ್ಣ ಬೆಳಕಿಗೆ ಗಾಬರಿ ಬೇಡ, ಅಷ್ಟು ಸಂದು ಇದ್ದೇ ಇರುತ್ತದೆ. ಮನೆಯೊಳಗಿನ ಬಿಸಿ ಗಾಳಿ ಹೊರಹೋಗುವುದೂ ಅಲ್ಲಿಂದಲೇ.

ಬೆಳಕಿಗಿಂತ ಹೆಚ್ಚು ನಂಬಬೇಕಾದದ್ದು ಕಲೆಯನ್ನು. ಪಕ್ಕಾಸಿನ ಮೇಲೆ ಕಪ್ಪಗೆ ಇಳಿದ ನೀರಿನ ಗೆರೆ ಕಂಡರೆ, ಅದನ್ನು ಮೇಲ್ಮುಖವಾಗಿ ಹಿಂಬಾಲಿಸಿ. ನೀರು ಮರದ ಗುಂಟ ಹರಿದು ಎಲ್ಲೋ ತೊಟ್ಟಿಕ್ಕುವುದರಿಂದ, ನೆಲ ಒದ್ದೆಯಾದ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಎಂದೇನಿಲ್ಲ. ಸಿಕ್ಕ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಫೋಟೊ ತೆಗೆದಿಡಿ. ಮುಂದಿನ ವರ್ಷ ಕಲೆ ಬೆಳೆದಿದೆಯೋ ಇಲ್ಲವೋ ಎಂಬುದಕ್ಕೆ ಅದೇ ದಾಖಲೆ.

ಆಮೇಲೆ ಒಂದು ಸ್ಕ್ರೂಡ್ರೈವರ್ ಹಿಡಿದು ಮರವನ್ನು ಚುಚ್ಚಿ ನೋಡಿ. ಮೂರು ಜಾಗ ಮುಖ್ಯ: ಪಕ್ಕಾಸು ಗೋಡೆಯ ಮೇಲೆ ಕೂರುವ ಕಡೆ, ಮಾಡಿನ ಹೊರಗೆ ಚಾಚಿದ ತುದಿ, ಎರಡು ಇಳಿಜಾರು ಒಳಮುಖವಾಗಿ ಸೇರುವ ಮೂಲೆ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತದೆ, ಕುಂಬಾದ ಮರದಲ್ಲಿ ಬೆಣ್ಣೆಗೆ ಚುಚ್ಚಿದಂತೆ ಇಳಿಯುತ್ತದೆ. ಮಣ್ಣಿನ ಸಣ್ಣ ಕೊಳವೆಗಳು ಗೋಡೆ ಹತ್ತಿದ್ದರೆ ಗೆದ್ದಲು. ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮರ ಕೊರೆಯುವ ಹುಳ. ಹಿಂದೆ ಸೌದೆ ಒಲೆಯ ಹೊಗೆ ದಿನವೂ ತಾಗುತ್ತಿದ್ದ ಅಡುಗೆಮನೆಯ ಮರಕ್ಕೆ ಹುಳ ಬೀಳುತ್ತಿದ್ದದ್ದು ಕಡಿಮೆ. ಒಲೆ ಉರಿಯದ ಮನೆಗೆ ಆ ರಕ್ಷಣೆ ಇಲ್ಲ.

ಕೈಯಾಡಿಸುವುದು ಎಂದರೆ

ಹಂಚು ಕೈಯಾಡಿಸುವುದು ಎಂದು ಹಳಬರು ಹೇಳುವ ಕೆಲಸ ಇದು. ಮಾಡಿನ ಹಂಚನ್ನು ಸಾಲು ಸಾಲಾಗಿ ಎತ್ತಿ, ಕಸ ಗುಡಿಸಿ, ಒಡಕನ್ನು ಬದಲಿಸಿ, ಮತ್ತೆ ಕೂರಿಸುವುದು. ಹಂಚಿನ ಅಡಿಯಲ್ಲಿರುವ ಕೊಕ್ಕೆಯಂಥ ಉಬ್ಬು ರೀಪಿಗೆ ಸಿಕ್ಕಿಕೊಂಡಿರುತ್ತದೆಯೇ ಹೊರತು ಮೊಳೆ ಹೊಡೆದಿರುವುದಿಲ್ಲ. ಹಾಗಾಗಿಯೇ ಬಿಚ್ಚಿ ಜೋಡಿಸುವುದು ಸುಲಭ. ಅಡಿಗೆ ಮುಚ್ಚಿಗೆ ಇಲ್ಲದ ಮನೆಯಲ್ಲಿ ಒಳಗಿನಿಂದಲೇ ಹಂಚು ಸರಿಸಬಹುದು.

ಎತ್ತಿದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ. ‘ಟಣ್’ ಎಂದರೆ ಚೆನ್ನಾಗಿದೆ. ಮಂಕಾಗಿ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಹಂಚಿನ ಅಂಚಿನ ಕಾಲುವೆಗಳಲ್ಲಿ ಕುಳಿತ ತರಗೆಲೆ, ಮಣ್ಣು, ಹೂವಿನ ಎಸಳು ತೆಗೆಯುವುದೇ ನಿಜವಾದ ಸ್ವಚ್ಛತೆ. ಕಾಲುವೆ ಕಟ್ಟಿಕೊಂಡರೆ ನೀರು ಪಕ್ಕಕ್ಕೆ ಉಕ್ಕಿ ಸಂದಿನಿಂದ ರೀಪಿಗೆ ಇಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಒಂದೂ ಹಂಚು ಒಡೆಯದೆ ಮಾಡು ಸೋರುವುದು ಇದರಿಂದಲೇ.

ಬದಲಿ ಹಂಚು ತರುವಾಗ ಹಳೆಯದೊಂದನ್ನು ಜೊತೆಗೆ ಒಯ್ಯಿರಿ. ಒಂದು ಕಾರ್ಖಾನೆಯ ಹಂಚಿನ ಅಂಚು ಇನ್ನೊಂದರ ಅಂಚಿಗೆ ಸರಿಯಾಗಿ ಕೂರದೇ ಹೋಗಬಹುದು. ಮಂಗಳೂರು ಮಾದರಿಯ ಹಂಚಿಗೆ ಐಎಸ್ 654 ಎಂಬ ಭಾರತೀಯ ಮಾನದಂಡವಿದ್ದರೂ ಹಳೆಯ ಮಾಡುಗಳಲ್ಲಿ ಅಳತೆ ತುಸು ಹೆಚ್ಚುಕಡಿಮೆ ಇರುತ್ತದೆ. ಊರಲ್ಲಿ ಹಳೆ ಮನೆ ಕೆಡವಿದವರ ಬಳಿ ಅದೇ ಮುದ್ರೆಯ ಹಂಚು ಸಿಕ್ಕರೆ ಐವತ್ತೋ ನೂರೋ ತಂದು ಜಗಲಿಯ ಬದಿಯಲ್ಲಿ ಜೋಡಿಸಿಟ್ಟುಕೊಳ್ಳಿ.

ಹೊಳಪಿನ ಆಸೆ ಬೇಡ

ಕಪ್ಪಾದ ಮಾಡಿಗೆ ಪ್ರೆಷರ್ ವಾಷರ್ ಹಿಡಿದು ಕೆಂಪಗಾಗಿಸುವ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತವೆ. ನೋಡಲು ಚೆಂದ. ಆದರೆ ಆ ವೇಗದ ನೀರು ಹಂಚಿನ ಗಟ್ಟಿ ಮೇಲ್ಪದರವನ್ನೂ ಕೆರೆಯುತ್ತದೆ. ಮೇಲ್ಪದರ ಹೋದ ಹಂಚು ಇನ್ನಷ್ಟು ನೀರು ಹೀರಿ, ಮರುವರ್ಷ ಇನ್ನೂ ಬೇಗ ಪಾಚಿ ಕಟ್ಟುತ್ತದೆ. ಕೆಳಗಿನಿಂದ ಮೇಲಕ್ಕೆ ಹೊಡೆದರಂತೂ ಮಳೆ ಎಂದೂ ಹೋಗದ ದಿಕ್ಕಿನಲ್ಲಿ ನೀರು ನುಗ್ಗಿ ಮರವನ್ನು ನೆನೆಸುತ್ತದೆ. ಆ್ಯಸಿಡ್ ಬಳಕೆ ಅದಕ್ಕಿಂತ ಕೆಟ್ಟದ್ದು. ಮಾಡಿನ ನೀರು ಬಾವಿಗೋ ತೋಟಕ್ಕೋ ಇಳಿಯುವ ಮನೆಯಲ್ಲಿ ಯಾವ ರಾಸಾಯನಿಕವನ್ನೂ ಸುರಿಯಬಾರದು.

ಬೇಸಿಗೆಯ ಕೊನೆಗೆ ಪಾಚಿ ಒಣಗಿ ಹಪ್ಪಳದಂತೆ ಏಳುತ್ತದೆ. ಆಗ ನಾರಿನ ಬ್ರಷ್ ಅಥವಾ ಗಟ್ಟಿ ಪೊರಕೆಯಿಂದ ಮೇಲಿನಿಂದ ಕೆಳಕ್ಕೆ ಉಜ್ಜಿದರೆ ಸಾಕು. ತಂತಿ ಬ್ರಷ್ ಬೇಡ. ಉಳಿದ ಕಪ್ಪು ಕಲೆ ಕಲೆಯಷ್ಟೇ, ಅದರಿಂದ ಮಾಡು ಸೋರುವುದಿಲ್ಲ. ಬಣ್ಣ ಬಳಿಯುವ ಮನಸ್ಸಿದ್ದರೆ ಹಂಚು ಪೂರ್ತಿ ಒಣಗಿರಲಿ. ಒಳಗೆ ತೇವ ಉಳಿದಿದ್ದರೆ ಬಣ್ಣ ಸಿಪ್ಪೆಯೇಳುತ್ತದೆ. ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಸಿದರೆ ಬಿಸಿಲು ಬೀಳುತ್ತದೆ, ಪಾಚಿಗೆ ಅದೇ ಮದ್ದು. ತೆಂಗಿನಕಾಯಿ ಮತ್ತು ಮಂಗಗಳಿಗೆ ಮಾತ್ರ ಇಷ್ಟು ಸುಲಭದ ಉಪಾಯವಿಲ್ಲ.

ಮರಕ್ಕೆ ಏನು ಬಳಿಯಬೇಕು? ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಹಳೆಯ ರೂಢಿ, ಹುಳಕ್ಕೆ ಒಳ್ಳೆಯ ತಡೆ. ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಹಾಗಾಗಿ ಕೈಗವಸು ಕಡ್ಡಾಯ. ಬೊರಾಕ್ಸ್ ಮತ್ತು ಬೋರಿಕ್ ಆ್ಯಸಿಡ್ ದ್ರಾವಣವೂ ಆಗುತ್ತದೆ, ಆದರೆ ಅದು ನೀರಿನಲ್ಲಿ ಕರಗಿ ಹೋಗುವುದರಿಂದ ಒದ್ದೆಯಾಗದ ಒಳಗಿನ ಮರಕ್ಕೆ ಮಾತ್ರ. ಕುಂಬಾದ ಪಕ್ಕಾಸಿಗೆ ಎರಡೂ ಪ್ರಯೋಜನವಿಲ್ಲ, ಬದಲಿಸಲೇಬೇಕು.

ಮೇಲೆ ಹತ್ತುವವರ ಜೀವ

ಹಂಚಿನ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಹೀಗಾಗಿ ಅನುಭವವಿಲ್ಲದವರನ್ನು ಹತ್ತಿಸುವ ಪ್ರಸಂಗ ಬರುತ್ತದೆ. ಹಂಚಿನ ನಡುವೆ ಕಾಲಿಟ್ಟರೆ ಅದು ಮುರಿಯುತ್ತದೆ. ಅಡಿಯಲ್ಲಿ ರೀಪು ಇರುವ, ಎರಡು ಹಂಚು ಒಂದರ ಮೇಲೊಂದು ಬರುವ ಜಾಗದಲ್ಲಿ ಹೆಜ್ಜೆ ಇಡಬೇಕು. ಇಳಿಜಾರಿನ ಗುಂಟ ಏಣಿ ಮಲಗಿಸಿ, ಅದರ ತುದಿಯನ್ನು ನೆತ್ತಿಗೆ ಬಿಗಿದು ಅದರ ಮೇಲೆ ನಡೆಯುವುದು ಇನ್ನೂ ಸುರಕ್ಷಿತ. ಸೊಂಟಕ್ಕೆ ಹಗ್ಗ ಇರಲಿ. ಮರ ಕುಂಬಾಗಿದೆ ಎಂದು ಒಳಗಿನಿಂದ ಗೊತ್ತಾದ ಜಾಗವನ್ನು ಕೆಲಸದವರಿಗೆ ಮೊದಲೇ ತೋರಿಸಿ. ಮಳೆ ಶುರುವಾದ ಮೇಲೆ, ಪಾಚಿ ಒದ್ದೆಯಾದ ಮೇಲೆ ಯಾರನ್ನೂ ಹತ್ತಿಸಬೇಡಿ. ಅಂಥ ಹೊತ್ತಿನಲ್ಲಿ ಒಳಗಿನಿಂದ ಹಂಚಿನಡಿ ಟಾರ್ಪಾಲಿನ ತುಂಡು ಕಟ್ಟಿ, ನೀರನ್ನು ಬಕೆಟ್‌ಗೆ ಇಳಿಸಿ, ಬಿಸಿಲು ಬರುವವರೆಗೆ ಕಾಯುವುದೇ ದಾರಿ.

ಈಚೆಗೆ ಹಲವರು ಹಂಚಿನ ಮೇಲೆಯೇ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟ್ ಹೊದಿಸುತ್ತಿದ್ದಾರೆ. ಮುಚ್ಚಿದ ಮನೆಗೆ ಇದು ತಪ್ಪೇನಲ್ಲ, ಎರಡು ಷರತ್ತಿನ ಮೇಲೆ: ಚೌಕಟ್ಟಿನ ಭಾರ ಹಳೆಯ ಪಕ್ಕಾಸಿನ ಮೇಲೆ ಬೀಳಬಾರದು, ಹಂಚಿಗೂ ಶೀಟಿಗೂ ನಡುವೆ ಗಾಳಿಯಾಡುವಷ್ಟು ಅಂತರ ಇರಬೇಕು. ಶೀಟ್ ಹಾಕಿದ ಮೇಲೂ ಗೆದ್ದಲು ನೋಡುವುದು ತಪ್ಪುವುದಿಲ್ಲ, ಅದು ಬರುವುದು ನೆಲದಿಂದ.

ಜೂನ್‌ನಲ್ಲಿ ಊರಲ್ಲಿರಲು ಆಗದವರು ಮೊದಲ ಎರಡು ಜೋರು ಮಳೆಯ ನಂತರ ಬಾಗಿಲು ತೆರೆದು ನೋಡುವಂತೆ ನೆರೆಯವರಿಗೆ ಕೀಲಿ ಕೊಟ್ಟು ಬನ್ನಿ. ಸೀಮೆಸುಣ್ಣದ ಗುರುತಿದ್ದ ಕಡೆ ಮೊಬೈಲ್ ಟಾರ್ಚ್ ಬಿಟ್ಟು ವಿಡಿಯೊ ಕಳುಹಿಸಲು ಹೇಳಿದರೆ, ಮುಂಬೈಯಲ್ಲಿ ಕುಳಿತೇ ಯಾವ ಸಾಲಿನ ಹಂಚು ಎಂದು ಕೆಲಸದವರಿಗೆ ತಿಳಿಸಬಹುದು.