ಪೆಟ್ಟಿಗೆಯೊಳಗೊಂದು ಹುತ್ತ

2023ರ ಸೆಪ್ಟೆಂಬರ್ 6ರ ರಾತ್ರಿ ಬ್ಯಾಂಕಾಕ್‌ನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಸಾಮಾನುಗಳಲ್ಲಿ ಕೆಲವನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಕಸ್ಟಮ್ಸ್ ಅಧಿಕಾರಿಗಳು ಬಿಚ್ಚಿ ನೋಡಿದಾಗ ಒಳಗಿದ್ದದ್ದು ಬಟ್ಟೆಬರೆಯಲ್ಲ, 78 ಪ್ರಾಣಿಗಳು. ಆರು ಕಪುಚಿನ್ ಕೋತಿಗಳು ಅದಾಗಲೇ ಸತ್ತಿದ್ದವು. 17 ಕಾಳಿಂಗ ಸರ್ಪಗಳು ಹಾಗೂ ಬಾಲ್ ಪೈಥಾನ್ ಎಂಬ ಆಫ್ರಿಕ ಮೂಲದ 55 ಪುಟ್ಟ ಹೆಬ್ಬಾವುಗಳು ಮಾತ್ರ ಜೀವಂತವಾಗಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ, ಅದೇ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಚೀಲದಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕವು.

ಕೋತಿ ಸತ್ತ ಪ್ರಯಾಣದಲ್ಲಿ ಹಾವು ಬದುಕಿತು ಎಂದರೆ ಅದು ಗಟ್ಟಿ ಜೀವ ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಸಾಕುಹಾವುಗಳ ಗೋಳಿಗೆಲ್ಲ ಮೂಲ ಈ ಗಟ್ಟಿತನವೇ. ಹಸಿದ ನಾಯಿ ಊಳಿಡುತ್ತದೆ, ಅಕ್ಕಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಹಾವಿಗೆ ಕೂಗಲು ದನಿಯಿಲ್ಲ, ಮುಖ ಸಪ್ಪಗಾಯಿತು ಎನ್ನಲು ಆ ಮುಖದಲ್ಲಿ ಬದಲಾವಣೆ ಕಾಣುವುದಿಲ್ಲ. ಬಾಲ್ ಪೈಥಾನ್ ತಿಂಗಳುಗಟ್ಟಲೆ ತಿನ್ನದೆ ಇರಬಲ್ಲದು. ಸಾಯುತ್ತಿರುವ ಹಾವೂ ಸುಖವಾಗಿರುವ ಹಾವೂ ನೋಡುವವರ ಕಣ್ಣಿಗೆ ಒಂದೇ ತೆರನಾಗಿ ಸುರುಳಿ ಸುತ್ತಿಕೊಂಡು ಮಲಗಿರುತ್ತವೆ. ನಮ್ಮ ಹಾವಾಡಿಗರ ಬುಟ್ಟಿಯ ನಾಗರಹಾವು ಪಂಚಮಿಯ ದಿನ ಹಾಲು ಕುಡಿಯುತ್ತಿದ್ದುದೂ ಭಕ್ತಿಯಿಂದಲ್ಲ. ದಿನಗಟ್ಟಲೆ ನೀರು ಕಾಣದ ಹಾವು ಮುಂದಿಟ್ಟದ್ದಕ್ಕೆ ಬಾಯಿ ಹಚ್ಚುತ್ತಿತ್ತು, ಅಷ್ಟೇ.

ಬ್ರಿಟನ್, ಅಮೆರಿಕಗಳಲ್ಲಿ ಇಂದು ಲಕ್ಷಾಂತರ ಹಾವುಗಳು ಮನೆಗಳಲ್ಲಿವೆ. ಕೊಂಡವರಿಗೆ ಬೇಸರ ಬಂದು, ಮನೆ ಬದಲಾಯಿಸಬೇಕಾಗಿ ಬಂದು ಅಥವಾ ಹಾವು ಅವರು ಎಣಿಸಿದ್ದಕ್ಕಿಂತ ದೊಡ್ಡದಾಗಿ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಎಷ್ಟೋ ಹಾವುಗಳು ಆಶ್ರಯ ಕೇಂದ್ರಗಳಿಗೆ ಬಂದು ಬೀಳುತ್ತವೆ. ಮೈ ಒಣಗಿ, ಬೆನ್ನೆಲುಬು ಎದ್ದು ಕಾಣುವಂತೆ ಬರುವ ಅವುಗಳನ್ನು ಅಲ್ಲಿಂದ ಯಾರಾದರೂ ಮನೆಗೆ ಒಯ್ಯುತ್ತಾರೆ. ಹಾಗೆ ಒಯ್ದವರು ಮೊದಲ ವಾರ ಏನು ಮಾಡುತ್ತಾರೆ ಎಂದು ಕೇಳಿದರೆ ಉತ್ತರ ವಿಚಿತ್ರವಾಗಿದೆ: ಹೆಚ್ಚುಕಡಿಮೆ ಏನನ್ನೂ ಮಾಡುವುದಿಲ್ಲ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಬಿಟ್ಟು, ನೀರಿಟ್ಟು, ಕತ್ತಲು ಮಾಡಿ, ಅದರ ಪಾಡಿಗೆ ಅದನ್ನು ಬಿಡುತ್ತಾರೆ. ಇಷ್ಟು ಸರಳವಾದ ವಿವೇಕ ಮನುಷ್ಯನಿಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು.

ಕಥೆ ಆರಂಭವಾಗುವುದು ಲಂಡನ್ ಮೃಗಾಲಯದಲ್ಲಿ. ಸರೀಸೃಪಗಳಿಗೆಂದೇ ಜಗತ್ತಿನ ಮೊದಲ ಮನೆಯನ್ನು ಅಲ್ಲಿ 1849ರಲ್ಲಿ ತೆರೆಯಲಾಯಿತು. ಹಾವುಗಳು ಉಷ್ಣದೇಶದವು, ಅವಕ್ಕೆ ಚಳಿಯಾಗುತ್ತದೆ ಎಂಬಷ್ಟು ಆಗಿನವರಿಗೂ ಗೊತ್ತಿತ್ತು. ಹಾಗಾಗಿ ಮನುಷ್ಯರಿಗೆ ಮಾಡುವುದನ್ನೇ ಅವಕ್ಕೂ ಮಾಡಿದರು, ಹೊದೆಯಲು ಕಂಬಳಿ ಕೊಟ್ಟರು. ಆದರೆ ಕಂಬಳಿ ನಮ್ಮನ್ನು ಬೆಚ್ಚಗಿಡುವುದು ನಮ್ಮ ಮೈಯಲ್ಲೇ ಹುಟ್ಟುವ ಶಾಖವನ್ನು ಹಿಡಿದಿಟ್ಟು. ತನ್ನದೇ ಶಾಖವಿಲ್ಲದ ಹಾವಿಗೆ ಕಂಬಳಿ ಹೊದಿಸುವುದೂ ಕಲ್ಲಿಗೆ ಹೊದಿಸುವುದೂ ಒಂದೇ. 1850ರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಬೋವಾ ಹಾವು ಕಂಬಳಿಯನ್ನೇ ನುಂಗಿಬಿಟ್ಟಿತು. ತಿಂಗಳಿಗೂ ಮಿಕ್ಕಿ ಹೊಟ್ಟೆಯಲ್ಲಿಟ್ಟುಕೊಂಡು ಆಮೇಲೆ ಅದನ್ನು ಹೊರಗೆ ಕಕ್ಕಿತು. ಪತ್ರಿಕೆಗಳಿಗೆ ಒಳ್ಳೆಯ ತಮಾಷೆಯ ಸುದ್ದಿಯಾಯಿತು. 1852ರ ಅಕ್ಟೋಬರ್‌ನಲ್ಲಿ ನಡೆದದ್ದು ಮಾತ್ರ ತಮಾಷೆಯಾಗಿರಲಿಲ್ಲ. ಎಡ್ವರ್ಡ್ ಗರ್ಲಿಂಗ್ ಎಂಬ ಕಾವಲುಗಾರ ರಾತ್ರಿಯೆಲ್ಲ ಕುಡಿದು ಬಂದು ನಾಗರಹಾವನ್ನು ಕೈಗೆತ್ತಿಕೊಂಡು ಆಡಿಸಿದ. ಅದು ಅವನ ಮೂಗಿಗೆ ಕಚ್ಚಿತು, ಆತ ಆಸ್ಪತ್ರೆಯಲ್ಲಿ ಸತ್ತ. ಹಾವು ನೋಡುವ ವಸ್ತು, ಹೆಚ್ಚೆಂದರೆ ಆಡಿಸುವ ವಸ್ತು ಎಂಬುದು ಆ ಕಾಲದ ತಿಳಿವಳಿಕೆ. ಹಾವು ಸತ್ತರೆ ವಸಾಹತುಗಳಿಂದ ಬರುವ ಮುಂದಿನ ಹಡಗಿನಲ್ಲಿ ಇನ್ನೊಂದು ಬರುತ್ತಿತ್ತು.

ಈ ತಿಳಿವಳಿಕೆಯನ್ನು ಬದಲಾಯಿಸಿದವಳು ಒಬ್ಬ ಹೆಣ್ಣುಮಗಳು ಎಂಬುದು ಗಮನಾರ್ಹ. ಜೋನ್ ಬ್ಯೂಚಾಂಪ್ ಪ್ರಾಕ್ಟರ್ ಹುಟ್ಟಿದ್ದು 1897ರಲ್ಲಿ, ಲಂಡನ್ನಿನಲ್ಲಿ. ಚಿಕ್ಕಂದಿನಿಂದಲೂ ಕಾಯಿಲೆಯ ಮೈ, ಅದರಿಂದಾಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಾಗಲಿಲ್ಲ. ಹಾವು ಹಲ್ಲಿಗಳ ಹುಚ್ಚು ಮಾತ್ರ ಬಿಡಲಿಲ್ಲ. ಹುಡುಗಿಯಾಗಿದ್ದಾಗಲೇ ಮೊಸಳೆಮರಿಯೊಂದನ್ನು ಸಾಕಿ, ಅದನ್ನು ಶಾಲೆಗೂ ಒಯ್ದಿದ್ದಳಂತೆ. ಮೇಷ್ಟ್ರುಗಳ ಪಾಡು ಏನಾಯಿತೋ! ವಸ್ತುಸಂಗ್ರಹಾಲಯದಲ್ಲಿ ಹೆಸರಾಂತ ವಿಜ್ಞಾನಿ ಜಾರ್ಜ್ ಬುಲಂಜರ್ ಅವರ ಕೈಕೆಳಗೆ ದುಡಿದು ಕಲಿತ ಆಕೆ 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದರು. ಆಗ ವಯಸ್ಸು 26.

ಪ್ರಾಕ್ಟರ್ ವಿನ್ಯಾಸ ಮಾಡಿದ ಹೊಸ ಸರೀಸೃಪ ಭವನ 1927ರಲ್ಲಿ ತೆರೆಯಿತು. ಇಡೀ ಕಟ್ಟಡವನ್ನು ಒಂದೇ ಸಮನೆ ಕಾಯಿಸುವ ಹಳೆಯ ಪದ್ಧತಿಯನ್ನು ಆಕೆ ಕೈಬಿಟ್ಟರು. ಒಂದೇ ಗೂಡಿನೊಳಗೆ ಒಂದು ಕಡೆ ಹೆಚ್ಚು ಶಾಖ, ಇನ್ನೊಂದು ಕಡೆ ಕಡಿಮೆ. ಸೂರ್ಯನ ಅತಿನೇರಳೆ ಕಿರಣಗಳನ್ನು ಒಳಗೆ ಬಿಡುವ ವಿಶೇಷ ಗಾಜು. ಜನ ಓಡಾಡುವ ಜಾಗವನ್ನು ಮಬ್ಬುಗತ್ತಲಾಗಿಸಿ ಬೆಳಕನ್ನು ಗೂಡುಗಳೊಳಕ್ಕೆ ತಿರುಗಿಸಿದ ಏರ್ಪಾಡು. ರೋಗ ಬಿದ್ದ ಪ್ರಾಣಿಗಳಿಗೆ ಆಕೆ ಸ್ವತಃ ಚಿಕಿತ್ಸೆ ಮಾಡುತ್ತಿದ್ದರು. ಭೀಕರ ರಾಕ್ಷಸನೆಂದು ಹೆಸರಾಗಿದ್ದ ಕೊಮೋಡೊ ಉಡವೊಂದು ಆಕೆಯ ಕೈತುತ್ತು ತಿನ್ನುವಷ್ಟು ಸಾಧುವಾಯಿತು. 1928ರಲ್ಲಿ ವಿಜ್ಞಾನಿಗಳ ಸಭೆಗೇ ಅದನ್ನು ಕರೆತಂದು ತೋರಿಸಿದರು. 1931ರಲ್ಲಿ, 34ರ ಹರೆಯದಲ್ಲೇ ಪ್ರಾಕ್ಟರ್ ತೀರಿಕೊಂಡರು. ಆಕೆಯ ಕಟ್ಟಡ ಸುಮಾರು ಒಂದು ಶತಮಾನ ಕಾಲ ಬಳಕೆಯಲ್ಲಿತ್ತು. 2001ರಲ್ಲಿ ತೆರೆಕಂಡ ಮೊದಲ ಹ್ಯಾರಿ ಪಾಟರ್ ಚಿತ್ರದಲ್ಲಿ ಹುಡುಗ ಹಾವಿನೊಡನೆ ಮಾತಾಡುವ ದೃಶ್ಯವನ್ನು ಚಿತ್ರಿಸಿದ್ದೂ ಅಲ್ಲಿಯೇ.

ಪ್ರಾಕ್ಟರ್ ಅನುಭವದಿಂದ ಕಂಡುಕೊಂಡದ್ದಕ್ಕೆ ವಿಜ್ಞಾನದ ಆಧಾರ ಸಿಕ್ಕಿದ್ದು ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ. ಸರೀಸೃಪದ ಮೈ ಸುತ್ತಲಿನ ಗಾಳಿಯ ಶಾಖಕ್ಕೆ ತಕ್ಕಂತೆ ಏರಿಳಿಯುತ್ತದೆ, ಅದರಲ್ಲಿ ಪ್ರಾಣಿಯ ಕೈವಾಡ ಏನೂ ಇಲ್ಲ ಎಂದೇ ಅಲ್ಲಿಯವರೆಗೆ ಬಹುಪಾಲು ಪಂಡಿತರು ನಂಬಿದ್ದರು. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬಿಬ್ಬರು ಬಿಸಿಲಲ್ಲಿ ಓಡಾಡುತ್ತಿದ್ದ ಹಲ್ಲಿ, ಹಾವುಗಳ ಮೈಶಾಖ ಅಳೆದು 1944ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೊಂದು ಜಾತಿಗೂ ತನಗೆ ಹಿತವೆನಿಸುವ ಶಾಖ ಇಷ್ಟೆಂದಿದೆ. ಅದು ಬಿಸಿಲಿಗೆ ಬಂದು, ನೆರಳಿಗೆ ಸರಿದು, ಮಣ್ಣಿನೊಳಗೆ ಹೊಕ್ಕು ಆ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ನೆರಳಿಗೆ ಸರಿಯಲು ಬಿಡದಿದ್ದರೆ ಮರುಭೂಮಿಯ ಹಾವೂ ಬಿಸಿಲಿನಲ್ಲಿ ನಿಮಿಷಗಳಲ್ಲಿ ಸಾಯುತ್ತದೆ. ಎಂದರೆ ಹಾವಿಗೆ ಬೇಕಾದ್ದು ಬಿಸಿಯೂ ಅಲ್ಲ, ತಂಪೂ ಅಲ್ಲ, ಅವೆರಡರ ನಡುವೆ ಆರಿಸಿಕೊಳ್ಳುವ ಅವಕಾಶ.

ಇದಕ್ಕೆ ಇನ್ನೊಂದು ಮುಖವೂ ಇದೆ. 1970ರ ದಶಕದಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗ್ವಾನಗಳಿಗೆ ರೋಗಾಣು ಚುಚ್ಚಿ ಗಮನಿಸಿದರು. ಸೋಂಕು ತಗುಲಿದವು ಎಂದಿಗಿಂತ ಹೆಚ್ಚು ಬಿಸಿಯಾದ ಜಾಗ ಹುಡುಕಿಕೊಂಡು ಹೋದವು, ತಾವೇ ಜ್ವರ ಬರಿಸಿಕೊಂಡವು. ಬೆಚ್ಚಗಿದ್ದವುಗಳಲ್ಲಿ ಹೆಚ್ಚಿನವು ಬದುಕಿದವು, ತಣ್ಣಗೆ ಇರಿಸಿದವುಗಳಲ್ಲಿ ಹೆಚ್ಚಿನವು ಸತ್ತವು. ಅಲಕ್ಷ್ಯಕ್ಕೊಳಗಾಗಿ ಕಾಯಿಲೆ ಬಿದ್ದ ಹಾವಿಗೂ ಔಷಧಕ್ಕಿಂತ ಮೊದಲು ಬೆಚ್ಚಗಿನ ಮೂಲೆ ಬೇಕು ಎನ್ನುವುದರ ಹಿಂದೆ ಈ ತಿಳಿವಳಿಕೆಯೂ ಇದೆ.

ವಿಜ್ಞಾನ ಇಷ್ಟು ಮುಂದುವರಿದರೂ ಪೇಟೆ ಅದಕ್ಕೆ ಕಾಯಲಿಲ್ಲ. ಬಾಲ್ ಪೈಥಾನ್‌ನ ಊರು ಪಶ್ಚಿಮ ಆಫ್ರಿಕ. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. ಬೆನಿನ್ ದೇಶದ ವಿಡಾ ಪಟ್ಟಣದಲ್ಲಿ ಈ ಹೆಬ್ಬಾವುಗಳಿಗೆ ಗುಡಿಯೇ ಇದೆ, ಮನೆಯೊಳಗೆ ಹಾವು ಬಂದರೆ ಅಲ್ಲಿನ ಭಕ್ತರು ಹೊಡೆಯುವುದಿಲ್ಲ. ಅದೇ ಬೆನಿನ್, ನೆರೆಯ ಟೋಗೊ ಮತ್ತು ಘಾನಾಗಳಿಂದ ವರ್ಷ ವರ್ಷ ಹತ್ತಾರು ಸಾವಿರ ಹಾವುಗಳು ಅಮೆರಿಕ, ಯುರೋಪುಗಳಿಗೆ ರಫ್ತಾದವು. ಕಾಡಿನಿಂದ ಹಿಡಿದು ತಂದವು ಹೊಸ ಮನೆಯಲ್ಲಿ ಆಹಾರ ಮುಟ್ಟದೆ ಸತ್ತದ್ದೇ ಹೆಚ್ಚು. 1992ರಲ್ಲಿ ಅಮೆರಿಕದಲ್ಲಿ ಬಿಳಿಹಳದಿ ಬಣ್ಣದ ಬಾಲ್ ಪೈಥಾನ್ ಮರಿಗಳನ್ನು ಸಾಕಣೆಯಲ್ಲೇ ಹುಟ್ಟಿಸಿದ ಮೇಲೆ ಬಣ್ಣ ಬಣ್ಣದ ತಳಿಗಳ ಹುಚ್ಚು ಹಬ್ಬಿತು. ‘ಸ್ಪೈಡರ್’ ಎಂಬ ತಳಿಯಂತೂ ಅಂದಕ್ಕೆ ಬೆಲೆ ತೆತ್ತು ನರದೋಷದಿಂದ ತಲೆ ತೂಗುತ್ತಲೇ ಇರುತ್ತದೆ. ಇಂಥದನ್ನು ಗೊತ್ತಿದ್ದೂ ಬೆಳೆಸಿ ಮಾರುವುದಕ್ಕೆ ಹವ್ಯಾಸ ಎಂಬ ಹೆಸರು ಒಪ್ಪುವುದಿಲ್ಲ.

ಕಾಡಿನಲ್ಲಿ ಈ ಹಾವು ಹಗಲು ಕಳೆಯುವುದು ಇಲಿಬಿಲಗಳಲ್ಲಿ ಮತ್ತು ಗೆದ್ದಲು ಹುತ್ತಗಳಲ್ಲಿ. ಗೆದ್ದಲು ಕಟ್ಟಿದ ಮನೆ ಹಾವಿಗಾಯಿತು ಎಂಬ ಮಾತು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಹುತ್ತದೊಳಗೆ ಕತ್ತಲಿದೆ, ತೇವವಿದೆ, ಹೊರಗೆ ಎಂಥ ಬಿಸಿಲಿದ್ದರೂ ಹೆಚ್ಚು ಏರುಪೇರಾಗದ ಶಾಖವಿದೆ, ಎಲ್ಲಕ್ಕಿಂತ ಮಿಗಿಲಾಗಿ ಮೈಯ ಸುತ್ತ ಗೋಡೆ ತಾಗುವ ಭದ್ರತೆಯಿದೆ. ದಿಕ್ಕೆಟ್ಟು ಬಂದ ಹಾವಿಗೆ ಹೊಸ ಮನೆಯಲ್ಲಿ ಕಟ್ಟಿಕೊಡಬೇಕಾದ್ದು ಇದನ್ನೇ. ಪೆಟ್ಟಿಗೆಯ ಒಂದು ತುದಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27. ಎರಡೂ ಕಡೆ ಮೈ ತೂರುವಷ್ಟೇ ಅಳತೆಯ ಗೂಡು ಇರಬೇಕು. ಒಂದೇ ಗೂಡಿಟ್ಟರೆ ಹೆದರಿದ ಹಾವು ಬಿಸಿಯೋ ತಂಪೋ ಎಂದು ನೋಡದೆ ಅಲ್ಲೇ ಉಳಿದುಬಿಡುತ್ತದೆ. ಶಾಖದ ಯಂತ್ರಕ್ಕೆ ನಿಯಂತ್ರಕ ಕಡ್ಡಾಯ. ಬಿಸಿಗಲ್ಲಿನ ಮೇಲೆ ಸರಿಯದೆ ಮಲಗಿ ಹೊಟ್ಟೆ ಸುಟ್ಟುಕೊಂಡ ಹಾವುಗಳು ಪಶುವೈದ್ಯರ ಬಳಿ ಬರುವುದು ಅಪರೂಪವೇನಲ್ಲ.

ಹಾವು ಪೊರೆ ಬಿಡುವುದು ಅಂಗಿ ಕಳಚಿದಂತೆ, ಇಡಿಯಾಗಿ. ಒಣಹವೆಯಲ್ಲಿ ಇದ್ದ ಹಾವಿನ ಪೊರೆ ಚೂರುಚೂರಾಗಿ ಮೈಗೆ ಅಂಟಿರುತ್ತದೆ. ಹಾವಿಗೆ ಕಣ್ಣುರೆಪ್ಪೆಯಿಲ್ಲ, ಅದರ ಬದಲು ಕಣ್ಣಿನ ಮೇಲೊಂದು ಪಾರದರ್ಶಕ ಹೊದಿಕೆ ಇದ್ದು ಅದೂ ಪೊರೆಯೊಂದಿಗೆ ಕಳಚಬೇಕು. ಅಂಟಿಕೊಂಡದ್ದನ್ನು ಉಗುರಿನಿಂದ ಕೀಳಹೋದರೆ ಕಣ್ಣಿಗೇ ಅಪಾಯ. ಒದ್ದೆ ಪಾಚಿ ಅಥವಾ ಬಟ್ಟೆ ಹಾಸಿದ ಗೂಡಿನಲ್ಲಿ ಬಿಟ್ಟರೆ ಮುಂದಿನ ಪೊರೆಯ ಹೊತ್ತಿಗೆ ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಪೊರೆಯ ಸಂದುಗಳಲ್ಲಿ ಕರಿಸಾಸಿವೆಯಂತೆ ಕಾಣುವುವು ರಕ್ತ ಹೀರುವ ನುಸಿಗಳು. ಬಾಯಿಯಲ್ಲಿ ಕೀವು, ಉಸಿರಿನಲ್ಲಿ ಸಿಳ್ಳು ಇದ್ದರೆ ವೈದ್ಯರಿಗೆ ತೋರಿಸುವುದನ್ನು ತಡಮಾಡುವಂತಿಲ್ಲ.

ಬಡಕಲಾದ ಹಾವನ್ನು ಕಂಡವರಿಗೆ ಮೊದಲು ತೋಚುವುದು ಹೊಟ್ಟೆತುಂಬ ತಿನ್ನಿಸುವುದು. ತೀರಾ ಅಪಾಯವಿರುವುದು ಇಲ್ಲಿಯೇ. ತಿಂಗಳುಗಟ್ಟಲೆ ಬರಿಹೊಟ್ಟೆಯಲ್ಲಿದ್ದ ದೇಹಕ್ಕೆ ಒಮ್ಮೆಲೇ ದೊಡ್ಡ ಊಟ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಮೈ ತಣ್ಣಗಿದ್ದಾಗ ನುಂಗಿದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ ಅಥವಾ ವಾಂತಿಯಾಗುತ್ತದೆ. ಮೊದಲು ಶಾಖ, ಆಮೇಲೆ ನೀರು, ಕೆಲವು ದಿನ ಕಳೆದ ಮೇಲೆ ಮಾಮೂಲಿಗಿಂತ ಸಣ್ಣದಾದ ಒಂದೇ ಒಂದು ಇಲಿ. ಅದೂ ಸತ್ತದ್ದೇ ಆಗಬೇಕು, ಏಕೆಂದರೆ ಹಸಿದ ಹಾವಿನ ಜತೆ ಜೀವಂತ ಇಲಿಯನ್ನು ಬಿಟ್ಟರೆ ಇಲಿಯೇ ಹಾವನ್ನು ಕಚ್ಚಿ ಹಾಕಿರುವುದುಂಟು. ಒಂದೆರಡು ಬಾರಿ ತಿಂದು ಅರಗಿಸಿಕೊಳ್ಳುವವರೆಗೆ ನೀರು ಬದಲಿಸುವುದು, ಗೂಡು ಶುಚಿಮಾಡುವುದು, ತೂಕ ನೋಡುವುದು ಬಿಟ್ಟರೆ ಅದನ್ನು ಮುಟ್ಟುವಂತಿಲ್ಲ. ಮೈ ಸವರಿ ಸಾಂತ್ವನ ಹೇಳುವ ನಮ್ಮ ಪ್ರೀತಿ ಹಾವಿಗೆ ಹದ್ದಿನ ಉಗುರಿನಂತೆ ತೋರುತ್ತದೆಯೋ ಏನೋ.

ಎಷ್ಟು ಜಾಗ ಬೇಕು ಎಂಬ ಬಗ್ಗೆ ಮಾತ್ರ ಈಗಲೂ ಜಗಳವಿದೆ. ಸಾಲುಸಾಲು ಪ್ಲಾಸ್ಟಿಕ್ ಡ್ರಾಯರುಗಳಲ್ಲಿ ಸಾಕುವವರು ಇಕ್ಕಟ್ಟೇ ಹಾವಿಗೆ ಇಷ್ಟವೆನ್ನುತ್ತಾರೆ. ಮೈಯನ್ನು ಪೂರ್ತಿ ನೀಡಿ ಮಲಗುವಷ್ಟಾದರೂ ಜಾಗ ಬೇಕೆಂದು ವಿಮರ್ಶಕರು ವಾದಿಸುತ್ತಾರೆ. ಹುತ್ತದ ಹಾವೂ ರಾತ್ರಿ ಹೊರಗೆ ಸಂಚಾರ ಹೋಗುತ್ತದೆ ಎಂಬುದನ್ನು ನೆನೆದರೆ ಎರಡನೆಯವರ ಮಾತೇ ಸರಿಯೆನಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 2006ರ ಕಾನೂನು ಸಾಕಿದವರು ಪ್ರಾಣಿಯ ಅಗತ್ಯಗಳನ್ನು ಪೂರೈಸಲೇಬೇಕು ಎನ್ನುತ್ತದೆ, ಹಾವೂ ಅದರ ವ್ಯಾಪ್ತಿಯಲ್ಲಿದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ದೇಶದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಹೊರದೇಶದ ಪ್ರಾಣಿಗಳ ನೋಂದಣಿಗೆ 2024ರಲ್ಲಿ ನಿಯಮಗಳು ಬಂದವು.

ಸಾಕಲಾರದೆ ಹೊರಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗು ಸಾಕ್ಷಿ. ಸಾಕಾಣಿಕೆಯಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಅಲ್ಲಿ ಬೇರೂರಿರುವುದು 2000ದ ಹೊತ್ತಿಗೆ ಖಚಿತವಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು ಶೇ 99ರಷ್ಟು ಇಳಿದಿತ್ತು. ಬೇಡವಾದ ಪ್ರಾಣಿಗಳನ್ನು ದಂಡವಿಲ್ಲದೆ ತಂದೊಪ್ಪಿಸುವ ಏರ್ಪಾಡನ್ನು ಆ ರಾಜ್ಯ 2006ರಲ್ಲೇ ಆರಂಭಿಸಿತ್ತು.

ಹೀಗೆ ಒಪ್ಪಿಸಿದ ಹಾವು ಎಷ್ಟು ಕಾಲ ಬಾಳಬಹುದು? 1961ರಲ್ಲಿ ಅಮೆರಿಕದ ಒಬ್ಬರು ತಮ್ಮ ಮನೆಯಲ್ಲಿದ್ದ ಬಾಲ್ ಪೈಥಾನನ್ನು ಸೇಂಟ್ ಲೂಯಿಸ್ ಮೃಗಾಲಯಕ್ಕೆ ಕೊಟ್ಟರು. ಅದು ಅಲ್ಲೇ ಉಳಿಯಿತು. 2020ರ ಜುಲೈ 23ರಂದು, ಕನಿಷ್ಠ 62 ವರ್ಷ ಎಂದು ಅಂದಾಜು ಮಾಡಲಾದ ಈ ಮುದಿ ಹಾವು, ಗಂಡುಹಾವನ್ನು ಕಂಡು ಹದಿನೈದು ವರ್ಷಗಳ ಮೇಲಾಗಿದ್ದರೂ ಏಳು ಮೊಟ್ಟೆಗಳನ್ನಿಟ್ಟಿತು.