ಗೌರಿಬಿದನೂರು ರೇಡಿಯೊ ವೀಕ್ಷಣಾಲಯದ ಆಂಟೆನಾಗಳು

ಗೌರಿಬಿದನೂರು ರೇಡಿಯೊ ವೀಕ್ಷಣಾಲಯವು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಸಮೀಪದಲ್ಲಿದ್ದು, 1976ರಿಂದ ಕಾರ್ಯನಿರ್ವಹಿಸುತ್ತಿದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಇದನ್ನು ಜಂಟಿಯಾಗಿ ಸ್ಥಾಪಿಸಿದವು. ಆಂಟೆನಾದ ಆಕಾರವು ಅದರ ಉದ್ದೇಶವನ್ನು ಅವಲಂಬಿಸಿರುತ್ತದೆ ಎಂಬುದಕ್ಕೆ ಇಲ್ಲಿನ ಎರಡು ವ್ಯೂಹಗಳು ಉದಾಹರಣೆಯಾಗಿವೆ.

ದ್ವಿಧ್ರುವ ವ್ಯೂಹ

ಮೊದಲ ದೂರದರ್ಶಕವು 34.5 ಮೆಗಾಹರ್ಟ್ಸ್ ಆವರ್ತನದ್ದು. ಈ ಅಲೆಗಳ ತರಂಗಾಂತರ ಸುಮಾರು 8.7 ಮೀಟರ್, ಆದ್ದರಿಂದ ಅರ್ಧತರಂಗ ದ್ವಿಧ್ರುವದ ಉದ್ದ ಸುಮಾರು 4.3 ಮೀಟರ್ ಆಗುತ್ತದೆ. ಒಂದೇ ದ್ವಿಧ್ರುವವು ಆಕಾಶದ ವಿಶಾಲ ಭಾಗದಿಂದ ಬರುವ ಅಲೆಗಳನ್ನು ಒಟ್ಟಾಗಿ ಗ್ರಹಿಸುವುದರಿಂದ ಮೂಲದ ದಿಕ್ಕು ನಿಖರವಾಗಿ ತಿಳಿಯದು. ಇದಕ್ಕಾಗಿ 1000 ದ್ವಿಧ್ರುವಗಳನ್ನು ಆಂಗ್ಲದ 'ಟಿ' ಅಕ್ಷರದ ಆಕಾರದಲ್ಲಿ ಜೋಡಿಸಲಾಯಿತು. ಪೂರ್ವ-ಪಶ್ಚಿಮ ಬಾಹುವಿನ ಉದ್ದ ಸುಮಾರು 1.4 ಕಿ.ಮೀ. ವ್ಯೂಹದ ವಿಸ್ತಾರ ಹೆಚ್ಚಿದಷ್ಟೂ ಸೂಕ್ಷ್ಮ ವಿವರಗಳನ್ನು ಗುರುತಿಸುವ ಸಾಮರ್ಥ್ಯ ಹೆಚ್ಚುತ್ತದೆ.

ಲಾಗ್-ಪೀರಿಯಾಡಿಕ್ ವ್ಯೂಹ

ಸೂರ್ಯನ ಪ್ರಭಾವಲಯದಲ್ಲಿ ಕಡಿಮೆ ಆವರ್ತನದ ಅಲೆಗಳು ಹೆಚ್ಚು ಎತ್ತರದಿಂದಲೂ, ಹೆಚ್ಚು ಆವರ್ತನದವು ಕೆಳಸ್ತರಗಳಿಂದಲೂ ಹೊಮ್ಮುತ್ತವೆ. ಹೀಗಾಗಿ ಅದರ ಅಧ್ಯಯನಕ್ಕೆ ಒಂದೇ ಆವರ್ತನ ಸಾಲದು. 1997ರಲ್ಲಿ ಆರಂಭವಾದ ರೇಡಿಯೊ ಹೀಲಿಯೊಗ್ರಾಫ್‌ನಲ್ಲಿ ಲಾಗ್-ಪೀರಿಯಾಡಿಕ್ ಆಂಟೆನಾಗಳನ್ನು ಬಳಸಲಾಗಿದೆ. ಇವುಗಳಲ್ಲಿ ಕ್ರಮವಾಗಿ ಕಿರಿದಾಗುವ ಕಡ್ಡಿಗಳಿದ್ದು, ಆಯಾ ಆವರ್ತನಕ್ಕೆ ಹೊಂದುವ ಉದ್ದದ ಕಡ್ಡಿಗಳೇ ಮುಖ್ಯವಾಗಿ ಸ್ಪಂದಿಸುತ್ತವೆ.