ನಾನಾವತಿ ಮೊಕದ್ದಮೆ ಮತ್ತು ಜ್ಯೂರಿಯ ಅಂತ್ಯ: ಕಲಂ 307ರ ಹಿನ್ನೆಲೆಯಲ್ಲಿ ಒಂದು ಮರುವಿಚಾರ

ಭಾರತದಲ್ಲಿ ಜ್ಯೂರಿ ಪದ್ಧತಿ ನಿಂತುಹೋದದ್ದು ನಾನಾವತಿ ಮೊಕದ್ದಮೆಯಿಂದ ಎಂಬ ಮಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಅದು ದೇಶದ ಕೊನೆಯ ಜ್ಯೂರಿ ವಿಚಾರಣೆಯಲ್ಲವೆಂದು ಜೇಮ್ಸ್ ಜಾಫೆ 2017ರಲ್ಲಿ ತೋರಿಸಿಕೊಟ್ಟ ಮೇಲೆ ಕಾಲದ ಕುರಿತ ತಕರಾರು ಮುಗಿದಂತೆಯೇ. ವಸಾಹತು ಕಾಲದ ಜ್ಯೂರಿಯಲ್ಲಿ ಕಾನೂನಿನ ಪ್ರಶ್ನೆ ಯಾವುದು, ಸಂಗತಿಯ ಪ್ರಶ್ನೆ ಯಾವುದು ಎಂಬ ವಿಂಗಡಣೆಯ ಬಗ್ಗೆ ಕಲ್ಯಾಣಿ ರಾಮನಾಥ್ ಬರೆದಿದ್ದಾರೆ. ನಾನಾವತಿ ಮೊಕದ್ದಮೆ ಕೊನೆಯದಲ್ಲದಿದ್ದರೂ ಜ್ಯೂರಿಯ ಅಂತ್ಯಕ್ಕೆ ಕಾರಣ ಅದೇ ಎಂಬ ನಂಬಿಕೆ ಮಾತ್ರ ಇನ್ನೂ ಉಳಿದಿದೆ. ಈ ಲೇಖನದ ತಕರಾರು ಅದರೊಂದಿಗೆ.

ಘಟನೆ ಎಲ್ಲರಿಗೂ ಗೊತ್ತಿರುವುದೇ. ನೌಕಾಪಡೆಯ ಕಮಾಂಡರ್ ಕೆ. ಎಂ. ನಾನಾವತಿ 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ಪ್ರೇಮ್ ಅಹುಜಾರನ್ನು ಗುಂಡಿಟ್ಟು ಕೊಂದರೆಂಬ ಆರೋಪ ಎದುರಿಸಿದರು. ಜ್ಯೂರಿ ಎಂಟಕ್ಕೆ ಒಂದು ಮತದಿಂದ ನಿರ್ದೋಷಿ ಎಂದಿತು. ಅದನ್ನು ಒಪ್ಪದ ಸೆಷನ್ಸ್ ನ್ಯಾಯಾಧೀಶರು ಮೊಕದ್ದಮೆಯನ್ನು ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು 1960ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಜ್ಯೂರಿಯ ಬುಡ ಅದಕ್ಕೂ ಮೊದಲೇ ಅಲುಗಾಡಿತ್ತು. ದಂಡ ಪ್ರಕ್ರಿಯಾ ಸಂಹಿತೆಯ 1955ರ ತಿದ್ದುಪಡಿ ನ್ಯಾಯಾಧೀಶರಿಗೆ ಸಲಹೆ ಕೊಡುತ್ತಿದ್ದ ಅಸೆಸರುಗಳನ್ನು ಕೈಬಿಟ್ಟಿತ್ತು. ಸೆತಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ ಹದಿನಾಲ್ಕನೇ ವರದಿಯಲ್ಲಿ ಜ್ಯೂರಿಯನ್ನೇ ರದ್ದುಪಡಿಸಬೇಕೆಂದು ಹೇಳಿದ್ದು 1958ರಲ್ಲಿ, ಅಂದರೆ ಕೊಲೆ ನಡೆಯುವ ಹಿಂದಿನ ವರ್ಷ. ಜ್ಯೂರಿಯನ್ನು ಪೂರ್ತಿಯಾಗಿ ಬಿಟ್ಟ ಹೊಸ ಸಂಹಿತೆ ಬಂದದ್ದು 1973ರಲ್ಲಿ. ನಾನಾವತಿ ತೀರ್ಪಿನಿಂದ ಅಲ್ಲಿಗೆ ಹನ್ನೆರಡು ವರ್ಷಗಳ ಅಂತರವಿದೆ.

ತಾರೀಖುಗಳಿಂದಷ್ಟೇ ಕಾರಣ ಸಿದ್ಧವಾಗದು. ನಿಜವಾದ ಸಾಕ್ಷ್ಯ ಇರುವುದು 1898ರ ದಂಡ ಪ್ರಕ್ರಿಯಾ ಸಂಹಿತೆಯೊಳಗೆ. ಜಿಲ್ಲೆಯಲ್ಲಿ ಜ್ಯೂರಿ ಇರಬೇಕೇ ಬೇಡವೇ, ಯಾವ ಅಪರಾಧಗಳಿಗೆ ಇರಬೇಕು ಎಂಬುದನ್ನು ಕಲಂ 269ರಂತೆ ಪ್ರಾಂತ ಸರ್ಕಾರ ಅಧಿಸೂಚನೆಯಿಂದ ನಿಗದಿಪಡಿಸಬಹುದಿತ್ತು. ಅದನ್ನು ಹಿಂತೆಗೆದುಕೊಳ್ಳಲೂ ಬಹುದಿತ್ತು. ಹೀಗೆ ಸರ್ಕಾರದ ಮರ್ಜಿಯಲ್ಲಿದ್ದದ್ದನ್ನು ಆರೋಪಿಯ ಹಕ್ಕೆಂದು ಕರೆಯುವುದು ಕಷ್ಟ. ಇನ್ನು ಕಲಂ 307. ಜ್ಯೂರಿಯ ಅಭಿಪ್ರಾಯ ಒಪ್ಪಿಗೆಯಾಗದೆ, ನ್ಯಾಯದ ದೃಷ್ಟಿಯಿಂದ ಅಗತ್ಯವೆಂದು ಕಂಡರೆ ಸೆಷನ್ಸ್ ನ್ಯಾಯಾಧೀಶರು ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಬೇಕಿತ್ತು. ಹೈಕೋರ್ಟು ಇಡೀ ಸಾಕ್ಷ್ಯವನ್ನು ತೂಗಿ ಖುಲಾಸೆಯನ್ನೋ ಶಿಕ್ಷೆಯನ್ನೋ ತಾನೇ ಕೊಡಬಹುದಿತ್ತು. ಸಾಮಾನ್ಯ ಅಪೀಲಿನಲ್ಲಿ ಜ್ಯೂರಿಯ ನಿರ್ಣಯವನ್ನು ಕಾನೂನಿನ ಅಂಶದ ಮೇಲಷ್ಟೇ ಪ್ರಶ್ನಿಸಬಹುದಿತ್ತು. ಕಲಂ 307ರ ಹಾದಿಯಲ್ಲಿ ಸಂಗತಿಗಳೂ ಮತ್ತೆ ತೆರೆದುಕೊಳ್ಳುತ್ತಿದ್ದವು.

ವಿಮರ್ಶಕರು ಗಮನಿಸದ ಒಂದು ಅಂಶವಿದೆ ಎಂದು ನನಗನ್ನಿಸುತ್ತದೆ. ಹಿಂದೆ ಮುಂಬಯಿ ನಗರದ ಇಂಥ ಮೊಕದ್ದಮೆಗಳು ಹೈಕೋರ್ಟಿನ ಮೂಲ ಅಧಿಕಾರದಡಿ ಅಲ್ಲಿಯ ಜ್ಯೂರಿಯೆದುರೇ ನಡೆಯುತ್ತಿದ್ದವು. ಅಲ್ಲಿ ಅನ್ವಯಿಸುತ್ತಿದ್ದದ್ದು ಕಲಂ 305. ಬಹುಮತದ ಅಭಿಪ್ರಾಯವನ್ನು ನ್ಯಾಯಮೂರ್ತಿ ಒಪ್ಪದಿದ್ದರೆ ಜ್ಯೂರಿಯನ್ನು ವಿಸರ್ಜಿಸಬೇಕಿತ್ತು. ದೋಷಿಯೆಂದು ತಾವೇ ತೀರ್ಮಾನಿಸಲು ಅವಕಾಶವಿರಲಿಲ್ಲ. ನಾನಾವತಿಯ ವಿಚಾರಣೆ ಗ್ರೇಟರ್ ಬಾಂಬೆ ಸೆಷನ್ಸ್ ನ್ಯಾಯಾಲಯದಲ್ಲಿ ನಡೆದುದರಿಂದಲೇ ಎಂಟು ಜನರ ಮಾತು ಮಗುಚಿಬಿತ್ತು. ಹಳೆಯ ವ್ಯವಸ್ಥೆ ಉಳಿದಿದ್ದರೆ, ಬಹುಶಃ, ಮತ್ತೊಂದು ಜ್ಯೂರಿಯೆದುರು ಮರುವಿಚಾರಣೆಯ ಪ್ರಶ್ನೆ ಏಳುತ್ತಿತ್ತು.

ಹಾಗಾದರೆ ಈ ಮೊಕದ್ದಮೆ ಜ್ಯೂರಿಯನ್ನು ಕೊಲ್ಲಲಿಲ್ಲ. ಸೆಷನ್ಸ್ ಮಟ್ಟದಲ್ಲಿ ಅದಕ್ಕೆ ಸ್ವತಂತ್ರವಾದ ಜೀವ ಇರಲಿಲ್ಲವೆಂಬುದನ್ನು ಬಯಲು ಮಾಡಿತು. ಇದನ್ನು ಸ್ವಲ್ಪ ತಗ್ಗಿಸಿ ಓದಬೇಕು. ನ್ಯಾಯಾಧೀಶರು 307ನ್ನು ಕೈಗೆತ್ತಿಕೊಳ್ಳದ ಮೊಕದ್ದಮೆಗಳಲ್ಲಿ ಜ್ಯೂರಿಯ ಮಾತೇ ನಡೆಯುತ್ತಿತ್ತು, ಅದನ್ನು ಬರಿಯ ಸಲಹೆ ಎನ್ನಲಾಗದು. ಒಪ್ಪಿಸಿದ ಮೇಲೂ ಹೈಕೋರ್ಟು ಜ್ಯೂರಿಯ ಅಭಿಪ್ರಾಯಕ್ಕೆ ತಕ್ಕ ತೂಕ ಕೊಡಬೇಕೆಂದು ಕಲಂ ತಾನೇ ಹೇಳಿತ್ತು. ಪತ್ರಿಕೆಗಳ ಅಬ್ಬರ, ಮುಖ್ಯವಾಗಿ ‘ಬ್ಲಿಟ್ಜ್’ ನಾನಾವತಿಯ ಪರ ನಡೆಸಿದ ಪ್ರಚಾರ, ಜ್ಯೂರಿಯ ಮೇಲಿನ ಭರವಸೆಯನ್ನು ಕುಗ್ಗಿಸಿದ್ದೀತು ಎಂಬ ವಾದವನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ಮೊದಲೇ ಆದ ಶಿಫಾರಸಿಗೆ ಸಿಕ್ಕ ಒತ್ತಾಸೆ, ಶಿಫಾರಸಿಗೆ ಮೂಲವಲ್ಲ.

ಕಲಂ 269ರಡಿ ಯಾವ ರಾಜ್ಯ ಯಾವ ಜಿಲ್ಲೆಯಿಂದ ಜ್ಯೂರಿಯನ್ನು ಯಾವಾಗ ಹಿಂತೆಗೆದುಕೊಂಡಿತೆಂಬುದನ್ನು ಗೆಜೆಟ್‌ಗಳಿಂದ ಒಟ್ಟುಗೂಡಿಸಿದರೆ ಈ ವಾದವನ್ನು ಪರೀಕ್ಷಿಸಬಹುದು. 1959ಕ್ಕೆ ಮೊದಲಿನ ಅಧಿಸೂಚನೆಗಳು ಹೆಚ್ಚು ಸಿಕ್ಕರೆ ಇದು ಬಲಗೊಳ್ಳುತ್ತದೆ. ನಂತರದ ಎರಡು ಮೂರು ವರ್ಷಗಳಲ್ಲೇ ಅವು ಗುಂಪಾಗಿ ಕಂಡರೆ ಹಳೆಯ ನಂಬಿಕೆಯ ಪರವಾಗಿ ಮತ್ತೆ ವಾದಿಸಲು ಜಾಗವಿದೆ.